ಟ್ರೈಲರಿನ ಮೈಗೆ ಎರಡು ಏಟು

ಆ ಲಾಟೀನು ಸ್ವಲ್ಪ ಸಣ್ಣದು ಮಾಡಿ. ಗಾಳಿಗೆ ನಿಮ್ಮ ಟ್ರೈಲರ್, ಈ ಗಾಲಿಯ ಮನೆ, ಕುಂಯ್ ಅಂದರೆ ಬೆಚ್ಚಬೇಡಿ, ಅದು ಬರೀ ಗಾಳಿ. ಪಶ್ಚಿಮ ಟೆಕ್ಸಾಸಿನಲ್ಲಿ ಅದಿಲ್ಲದ ದಿನ ಎಲ್ಲಿದೆ? ನಾನು ಹೇಳುತ್ತಿರುವುದು ಗಾಳಿ ಪೂರಾ ಬಿದ್ದುಹೋಗಿದ್ದ ಒಂದು ರಾತ್ರಿಯ ಮಾತು...

ಟ್ರೈಲರುಗಳು ಸಾಲಾಗಿ ನಿಲ್ಲುವ ಈ ಅಂಗಳದ ಹದಿನೇಳನೇ ಜಾಗದ ಟ್ವೈಲಾಗೆ ಆದದ್ದು. ನನ್ನದು ಹದಿನೆಂಟು. ಅವಳು ಮೆಣಸಿನಕಾಯಿ ಹುರಿದರೆ ನನಗೆ ಕೆಮ್ಮು ಬರುವಷ್ಟು ಹತ್ತಿರ. ಆದ್ದರಿಂದ ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಹೆದ್ದಾರಿಯ ಲಾರಿ ನಿಲ್ದಾಣದ ಅಡುಗೆಮನೆಯಲ್ಲಿ ಅವಳ ಕೆಲಸ. ಹನ್ನೊಂದಕ್ಕೆ ಒಲೆ ಉಜ್ಜಿ, ಉಳಿದ ಬೀನ್ಸು, ಜೋಳದ ರೊಟ್ಟಿ ಡಬ್ಬಿಗೆ ತುಂಬಿಕೊಂಡು, ಸುಣ್ಣಕಲ್ಲಿನ ಬಿಳಿ ರಸ್ತೆಯಲ್ಲಿ ಅರ್ಧ ಮೈಲಿ ನಡೆದು ಬರುತ್ತಿದ್ದಳು. ದಾರಿಯಲ್ಲಿ ಆ ಎಣ್ಣೆ ಬಾವಿ ಇದೆಯಲ್ಲ, ತಲೆ ಎತ್ತಿ ಇಳಿಸುವ ಪಂಪು... ಕೀಂ...ಯ್, ಧಡಕ್. ಕೀಂ...ಯ್, ಧಡಕ್. ಆ ರಾತ್ರಿ ಅವಳು ಬಾವಿಯ ಬೇಲಿ ದಾಟುವಾಗ, ಕೀಂಯ್‌ಗೂ ಧಡಕ್‌ಗೂ ನಡುವಿನ ಸಂದಿನಲ್ಲಿ ಇನ್ನೊಂದು ಸದ್ದು ಕೇಳಿತು.

ತಪ್. ತಪ್.

ಅಂಗೈ ಬಿಚ್ಚಿ ಟ್ರೈಲರಿನ ತಗಡಿಗೆ ಬಡಿದ ಸದ್ದು. ಅವಳ ಕಾಲು ಅಲ್ಲೇ ನಿಂತುಬಿಟ್ಟಿತು.

ಯಾಕೆ ಅಂದರೆ, ನಮ್ಮಲ್ಲಿ ಆ ಸದ್ದಿಗೆ ಒಂದೇ ಅರ್ಥ. ಇಷ್ಟು ದೊಡ್ಡ ಟ್ರೈಲರನ್ನು ಟ್ರಕ್ಕಿನಿಂದ ಬಿಡಿಸುವಾಗ ಸ್ಟಿಯರಿಂಗ್ ಹಿಡಿದವರಿಗೆ ಗಾಲಿ ಕಾಣುವುದಿಲ್ಲ, ಕೂಗಿದರೆ ಗಾಳಿ ಮಾತನ್ನು ನುಂಗುತ್ತದೆ. ಅದಕ್ಕೇ ಕೆಳಗಿರುವವನು ಗಾಲಿಗಳಿಗೆ ತಡೆ ಕೊಟ್ಟು, ಅಲುಗಿಸಿ ನೋಡಿ, ಆಮೇಲೆ ಟ್ರೈಲರಿನ ಮೈಗೆ ಎರಡು ಏಟು ಹಾಕುತ್ತಾನೆ. ಎರಡು ಬಿದ್ದರೆ ಟ್ರಕ್ಕು ಹೊರಡಬಹುದು. ಬೀಳದಿದ್ದರೆ ಬೆಳಗಿನವರೆಗೂ ಬ್ರೇಕಿನ ಮೇಲಿನ ಕಾಲು ತೆಗೆಯುವಂತಿಲ್ಲ. ಈ ಅಂಗಳದಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು.

ಆ ರಾತ್ರಿಗೆ ಒಂದು ವರ್ಷ ಹಿಂದೆ, ಮಾರ್ಚಿನಲ್ಲಿ, ಟ್ವೈಲಾಳ ತಮ್ಮ ಹಾಲಿಸ್ ಹೊಸ ಟ್ರೈಲರ್ ಕೊಂಡು ತಂದ. ಪೈಪಿನ ಬೆಸುಗೆ ಕೆಲಸದವನು, ಬಾಯಿತುಂಬ ನಗುವ ಹುಡುಗ. ಆಗ ಖಾಲಿ ಇದ್ದ ಹದಿನೇಳನೇ ಜಾಗ ಹಿಂದಕ್ಕೆ ಇಳಿಜಾರು. ಟ್ರಕ್ಕಿನಲ್ಲಿ ಟ್ವೈಲಾ. ಗಾಲಿಯ ಹತ್ತಿರ ಅವಳ ಗಂಡ ವರ್ಲಿನ್. ಹಾಲಿಸ್ ಹಿಂದೆ ಹೋಗಿ ಬಗ್ಗಿಕೊಂಡು ಚರಂಡಿ ಪೈಪು ಸಿಕ್ಕಿಸುತ್ತಿದ್ದ. ಅವನ ಬೆನ್ನಿಗೆ, ಕರೆಂಟ್ ಪೆಟ್ಟಿಗೆಗೆ ಗಾಡಿ ಗುದ್ದದಿರಲಿ ಅಂತ ನೆಟ್ಟ ಕಬ್ಬಿಣದ ಕಂಬ.

ತಪ್, ತಪ್. ಟ್ವೈಲಾ ಟ್ರಕ್ಕನ್ನು ಮುಂದಕ್ಕೆ ತೆಗೆದಳು. ಗಾಲಿಗೆ ತಡೆ ಇರಲಿಲ್ಲ. ಏಳು ಟನ್ ತೂಕ, ಮೂತಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಮುಂಗಾಲು ಮಡಚಿಕೊಂಡು, ಹಿಂದಕ್ಕೆ ಉರುಳಿತು. ಹಾಲಿಸ್ ಕಂಬಕ್ಕೂ ಟ್ರೈಲರಿಗೂ ನಡುವೆ ಸೊಂಟದ ಹತ್ತಿರ ಅಪ್ಪಚ್ಚಿಯಾದ. ಸಾಯಲು ಹದಿನೈದು ನಿಮಿಷ ತೆಗೆದುಕೊಂಡ. ಅಷ್ಟೂ ಹೊತ್ತು "ಅಕ್ಕಾ, ಮುಂದೆ ಎಳಿ... ಅಕ್ಕಾ, ಮುಂದೆ ಎಳಿ" ಅನ್ನುತ್ತಿದ್ದ. ಟ್ರಕ್ಕಿನಿಂದ ಬಿಡಿಸಿ, ಮೂತಿ ನೆಲಕ್ಕೆ ಕೂತದ್ದನ್ನು ಎಳೆಯುವುದು ಹೇಗೆ?

ಪೊಲೀಸರ ಮುಂದೆ ವರ್ಲಿನ್ ಹೇಳಿದ್ದು ಹೀಗೆ: "ನಾನಿನ್ನೂ ತಡೆ ಕೈಯಲ್ಲಿ ಹಿಡಿದಿದ್ದೆ. ತಟ್ಟೇ ಇರಲಿಲ್ಲ. ಇವಳು ಅವಸರ ಮಾಡಿ ಎಳೆದುಬಿಟ್ಟಳು."

"ನೀನು ತಟ್ಟಿದೆ, ವರ್ಲಿನ್. ನಾನು ಕೇಳಿಸ್ಕೊಂಡೆ."

"ಆಘಾತಕ್ಕೆ ತಲೆ ಕೆಟ್ಟಿದೆ, ಪಾಪ," ಅಂತ ಅವನು ಹೆಂಡತಿಯ ಭುಜ ಸವರಿದ.

ಒಂದು ಸುಳ್ಳನ್ನು ದಿನಕ್ಕೆ ಮೂರು ಸಲ ಊಟದ ಜೊತೆ ಬಡಿಸಿದರೆ ಎಷ್ಟು ದಿನ ಬೇಡ ಅಂದಾರು? ತಮ್ಮನನ್ನು ತಾನೇ ಕೊಂದೆ ಅಂತ ಟ್ವೈಲಾ ನಂಬತೊಡಗಿದಳು. ಇಲ್ಲೇ ಟೆಕ್ಸಾಸಿನ ಓಡೆಸಾದಲ್ಲಿದ್ದ ತಾಯಿ ಇವಳ ಫೋನ್ ಎತ್ತುವುದನ್ನೇ ಬಿಟ್ಟಳು. ವರ್ಲಿನ್ ಮಾತ್ರ ಗಂಡಹೆಂಡತಿ ಇದ್ದ ಹಳೇ ಟ್ರೈಲರ್ ಮಾರಿ, ಹಾಲಿಸನ ಹೊಸದರಲ್ಲೇ ಬಂದು ಕೂತ. "ಸತ್ತವನಿಗೆ ಮಂಚ ಬೇಕಾ?" ಅಂದ. ನನಗೆ ಮೈ ಉರಿದುಹೋಯಿತು. ಆದರೂ ಬಾಯಿ ಮುಚ್ಚಿಕೊಂಡೇ ಇದ್ದೆ.

ವರ್ಷ ತಿರುಗಿ ಮಾರ್ಚ್ ಬಂತು. ಟ್ರೈಲರ್ ಅಲುಗಲು ಶುರುವಾಯಿತು.

ಮೊದಲು ವರ್ಲಿನ್‌ಗೆ ತಮಾಷೆ. "ನೀನು ಮಗ್ಗುಲು ಹೊರಳಿದರೆ ಭೂಮಿಯೇ ನಡುಗತ್ತೆ ಬಿಡು," ಅಂತ ಹಂಗಿಸಿದ. ಆಮೇಲೆ ನಾಲ್ಕು ಮೂಲೆಗೂ ಜಾಕ್ ಕೊಟ್ಟ. ಮುಂಗಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಕಾಲಿನ ಉದ್ದ ಕಡಿಮೆ ಮಾಡಿದ. ಕಾಲು ಗಿಡ್ಡವಾದಷ್ಟೂ ಓಲಾಟ ಕಡಿಮೆ, ಅದು ಸರಿಯಾದ ಕೆಲಸವೇ. ಟ್ರಕ್ಕಿಗೆ ಕಚ್ಚಿಕೊಳ್ಳುವ ಮೂತಿಯ ಪಿನ್ನಿಗೆ ಕಬ್ಬಿಣದ ಮುಕ್ಕಾಲಿ ಕೊಟ್ಟು ಏರಿಸಿದ. ಗಾಲಿಗಳಿಗೆ ಹಿಂದೆ ಮುಂದೆ ರಬ್ಬರ್ ತಡೆ. ಅದೂ ಸಾಲದೆ, ಜೋಡಿ ಗಾಲಿಗಳ ನಡುವೆ ಸಿಕ್ಕಿಸಿ ನಟ್ಟು ತಿರುಗಿಸಿದರೆ ಎರಡನ್ನೂ ಒತ್ತಿ ಹಿಡಿಯುವ ಕಬ್ಬಿಣದ ಕತ್ತರಿ. ಅದರ ನಟ್ಟನ್ನು ಸ್ಪ್ಯಾನರಿನ ಮೇಲೆ ನಿಂತು ಬಿಗಿ ಮಾಡಿದ. ಆನೆ ಬಂದು ಮೈ ತಿಕ್ಕಿದರೂ ಅದು ಅಲುಗಬಾರದು.

ಅಲುಗಿತು. ಅದೂ ಓಲಾಟವಲ್ಲ. ಒಂದೇ ನೂಕು... ಹಿಂದಕ್ಕೆ. ಧಕ್. ಕಪಾಟಿನೊಳಗಿನ ತಟ್ಟೆಗಳು ಝಲ್ ಅನ್ನುತ್ತಿದ್ದವು. ನನ್ನ ಟ್ರೈಲರಿನಲ್ಲಿ ಕೂತು ನಾನು ಕೇಳುತ್ತಿದ್ದೆ.

ಈಗ ಆ ರಾತ್ರಿಗೆ ಬರೋಣ. ಟ್ವೈಲಾ ಬಾವಿ ದಾಟಿ ಬಂದು ಬಾಗಿಲು ತೆರೆದರೆ ಒಳಗೆ ಕತ್ತಲು. ವರ್ಲಿನ್ ಮಂಚದ ಅಂಚಿಗೆ ಕೂತಿದ್ದ. ತೊಡೆಯ ಮೇಲೆ ಹತ್ತು ಪೌಂಡಿನ ಸುತ್ತಿಗೆ.

"ಹೊರಗೆ ತಟ್ಟಿದ್ದು ನೀನಾ?" ಟ್ವೈಲಾ ಕೇಳಿದಳು.

"ಮೆತ್ತಗೆ ಮಾತಾಡೇ."

"ಯಾಕೆ?"

"ಕೇಳಿಸ್ಕೊಳ್ತಾನೆ..."

"ಯಾರು?"

ಧಕ್! ಟ್ರೈಲರ್ ಹಿಂದಕ್ಕೆ ಜಗ್ಗಿತು. ಟ್ವೈಲಾ ಗೋಡೆಗೆ ಹೋಗಿ ಬಡಿದಳು, ತುಟಿ ಒಡೆಯಿತು. ಕೈಯಲ್ಲಿದ್ದ ಡಬ್ಬಿಯ ಬೀನ್ಸು ನೆಲದ ತುಂಬ ಚೆಲ್ಲಿತು. ಹೊರಗೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಆಮೇಲೆ ಅವಳ ಕಿವಿಯ ಪಕ್ಕದ ತಗಡಿನಲ್ಲೇ...

ತಪ್. ತಪ್.

ವರ್ಲಿನ್ ಬೊಬ್ಬೆ ಹೊಡೆಯುತ್ತಾ ಹೊರಕ್ಕೆ ನುಗ್ಗಿದ. ಸುತ್ತಿಗೆ ಎತ್ತಿ ಟ್ರೈಲರಿನ ಮೈಗೆ ಬಾರಿಸತೊಡಗಿದ. ಧಡ್, ಧಡ್, ಧಡ್. ತಗಡು ಹರಿದು, ಒಳಗಿನ ಹಲಗೆ ಸೀಳಿತು. ನಾನು ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಸಿ ನೋಡುತ್ತಿದ್ದೆ. ಹೊರಗೆ ಹೋಗಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಹೆದರಿದ್ದೆ.

"ಬಾರೋ! ಬಾರೋ ಹೊರಗೆ!" ಅವನ ಗಂಟಲು ಹರಿಯುತ್ತಿತ್ತು. "ತಟ್ಟಿದೆ ಕಣೋ! ಹೌದು, ನಾನೇ ತಟ್ಟಿದೆ! ತಡೆ ಟ್ರಕ್ಕಿನಲ್ಲೇ ಬಿದ್ದಿತ್ತು, ಬಿಸಿಲಲ್ಲಿ ಯಾರು ಹೋಗಿ ತರ್ತಾರೆ ಅಂತ ಹಾಗೇ ತಟ್ಟಿದೆ! ಏನೀಗ? ಏನು ಮಾಡ್ಕೋತೀಯ?"

ಟ್ವೈಲಾ ಬಾಗಿಲಲ್ಲಿ ನಿಂತು ಕೇಳಿದಳು. ನಾನೂ ಕೇಳಿದೆ. ಒಂದು ಇಡೀ ವರ್ಷ ಆ ಹೆಂಗಸು ತನ್ನ ಕೈಯನ್ನೇ ತಾನು ನೋಡಿಕೊಳ್ಳಲು ನಾಚುತ್ತಿದ್ದಳು, ಗೊತ್ತಾ? ಇವನ ಸೋಮಾರಿತನಕ್ಕೆ.

"ನೀನೇ..." ಅಂದಳು. ಅಷ್ಟೇ.

ಅವನು ತಿರುಗಿ ಅವಳ ಕೆನ್ನೆಗೆ ಹೊಡೆದ. ಮೆಟ್ಟಿಲಿನಿಂದ ಕೆಳಗೆ ಬಿದ್ದವಳನ್ನು ಜುಟ್ಟು ಹಿಡಿದು ಜಲ್ಲಿಯ ಮೇಲೆ ಟ್ರಕ್ಕಿನವರೆಗೂ ಎಳೆದುಕೊಂಡು ಹೋದ. ಮಂಡಿಯ ಚರ್ಮ ದಾರಿಯುದ್ದಕ್ಕೂ ಕಿತ್ತುಬಂತು. "ಹತ್ತು! ಈಗಲೇ ಇದನ್ನ ಕಟ್ಟಿಕೊಂಡು ಹೊರಟುಬಿಡೋಣ. ಎಲ್ಲಾದರೂ ಹಳ್ಳಕ್ಕೆ ತಳ್ಳಿ ಸುಟ್ಟುಹಾಕ್ತೀನಿ. ಯಾರಿಗಾದರೂ ಬಾಯಿ ಬಿಟ್ಟೆಯೋ, ನಿನ್ನನ್ನೂ ಅದರೊಳಗೇ ಹಾಕಿ ಸುಡ್ತೀನಿ."

ಆಮೇಲೆ ಅವನು ಮಾಡಿದ ಕೆಲಸ ಕೇಳಿ. ಟ್ರಕ್ಕು ಕಚ್ಚಿಕೊಳ್ಳುವವರೆಗೆ ಗಾಲಿಯ ತಡೆ ಮುಟ್ಟಬಾರದು. ಕಟ್ಟುವಾಗ ಅದು ಕೊನೆಗೆ ತೆಗೆಯುವುದು. ಇಪ್ಪತ್ತು ವರ್ಷ ಟ್ರೈಲರಿನಲ್ಲಿ ಬದುಕಿದವನು, ಹೆದರಿಕೆಯಲ್ಲಿ ಟ್ರಕ್ಕು ಕಚ್ಚುವ ಮುಂಚೆಯೇ ಅದನ್ನೂ ತೆಗೆದ. ಮುಕ್ಕಾಲಿ ಒದ್ದು ಬೀಳಿಸಿದ. ಮೂಲೆಯ ಜಾಕ್‌ಗಳನ್ನು ಇಳಿಸಿದ. ಕತ್ತರಿಯ ನಟ್ಟು ಬಿಚ್ಚಿ ಎಸೆದ. ರಬ್ಬರ್ ತಡೆಗಳನ್ನು ಒಂದೊಂದಾಗಿ ಕತ್ತಲಿಗೆ ತೂರಿದ, ಒಂದು ಬಂದು ನನ್ನ ಬಾಗಿಲಿಗೇ ಬಡಿಯಿತು. ಈಗ ಆ ಇಳಿಜಾರಿನಲ್ಲಿ ಟ್ರೈಲರನ್ನು ಹಿಡಿದಿದ್ದದ್ದು ಮುಂಗಾಲು ಎರಡೇ.

"ಹಿಂದೆ ಕರೆಂಟ್ ಕಿತ್ತು ಬರ್ತೀನಿ," ಅಂತ ಕಿರುಚಿದ. "ನಾನು ತಟ್ಟಿದ ಮೇಲೇ ಟ್ರಕ್ಕು ಹಿಂದಕ್ಕೆ ಬರಬೇಕು. ಕೇಳಿಸ್ತೇನೇ? ಈ ಸಲನಾದರೂ ಕಾಯಿ!"

ಈ ಸಲನಾದರೂ. ಅಷ್ಟು ಒಪ್ಪಿಕೊಂಡ ಮೇಲೂ ಆ ಮಾತು ಆಡಿದ.

ಟ್ವೈಲಾ ಟ್ರಕ್ಕಿನಲ್ಲಿ ಕೂತು ಎಂಜಿನ್ ಎಬ್ಬಿಸಿ, ರಿವರ್ಸಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದಳು. ಬಾಯಿಂದ ರಕ್ತ ಸ್ಟಿಯರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹಿಂದಿನ ಬಿಳಿ ದೀಪದ ಬೆಳಕು ಟ್ರೈಲರಿನ ಇಡೀ ಮಗ್ಗುಲಿಗೆ ಬಿದ್ದಿತ್ತು. ಟ್ರಕ್ಕು ತುಸು ಓರೆಯಾಗಿ ನಿಂತಿದ್ದರಿಂದ ಈ ಸಲ ಕನ್ನಡಿಯಲ್ಲಿ ಗಾಲಿಗಳೂ ಕಾಣುತ್ತಿದ್ದವು, ಸುತ್ತಿಗೆ ಸೀಳಿದ ತಗಡು ಕಾಣುತ್ತಿತ್ತು. ವರ್ಲಿನ್ನನ ಟಾರ್ಚು ತುಂಬ ಹಿಂದೆ, ಕಂಬದ ಹತ್ತಿರ ಬಗ್ಗಿತ್ತು. ಮಗ್ಗುಲಲ್ಲಿ ಯಾರೂ ಇರಲಿಲ್ಲ. ನನ್ನ ಕಿಟಕಿ ಅದಕ್ಕೆ ಎದುರಿಗೇ ಇದೆ. ಯಾರೂ ಇರಲಿಲ್ಲ.

ತಪ್.

ಗಾಲಿಯ ಮೇಲಿನ ತಗಡು ಒಳಕ್ಕೆ ತಗ್ಗಿ, ಮತ್ತೆ ಹೊರಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ತಪ್.

"ಯಾರು ತಟ್ಟಿದ್ದು?" ಹಿಂದಿನಿಂದ ವರ್ಲಿನ್ ಧ್ವನಿ, ಈಗ ಅದರ ಅಬ್ಬರವೆಲ್ಲ ಇಳಿದಿತ್ತು. "ಟ್ವೈಲಾ... ನಾನು ತಟ್ಟಿಲ್ಲ... ನಿಲ್ಲು..."

ಬ್ರೇಕಿನ ಮೇಲಿನ ಕಾಲು ಎದ್ದಿತು. ತಾನಾಗಿ ಎದ್ದಿತೋ, ಎತ್ತಿದಳೋ... ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಟಣ್! ಪಿನ್ನಿಗೆ ಟ್ರಕ್ಕು ಗುದ್ದಿತು. ಜಲ್ಲಿ ಕರಕರ ಅರೆಯಿತು. ಆಮೇಲೆ ಹಸಿ ಕೊಂಬೆ ಮುರಿದಂಥ ಸದ್ದು, ಒಂದಲ್ಲ, ಸಾಲಾಗಿ ಮೂರು ನಾಲ್ಕು. ವರ್ಲಿನ್ ಕಿರುಚಿದ್ದು ಒಂದೇ ಸಲ. ಮಿಕ್ಕದ್ದೆಲ್ಲ ಗೊರಗೊರ. ನಾನೂ ಅಕ್ಕಪಕ್ಕದವರೂ ಓಡಿಹೋಗುವಷ್ಟರಲ್ಲಿ ಅದೇ ಕಂಬಕ್ಕೆ, ಅದೇ ಸೊಂಟದ ಎತ್ತರದಲ್ಲಿ ಒತ್ತಿಹೋಗಿ, ಬಾಯಿಂದ ನೊರೆರಕ್ತ ಕಾರುತ್ತಾ ಅವನು ಅಂಗೈಯಿಂದ ಟ್ರೈಲರಿನ ಬೆನ್ನು ಬಡಿಯುತ್ತಿದ್ದ. ಮುಂದೆ ಎಳಿ, ಮುಂದೆ ಎಳಿ ಅನ್ನುವ ಹಾಗೆ. ಟ್ವೈಲಾ ಎಳೆದಳು, ಸುಳ್ಳು ಹೇಳಬಾರದು, ತಕ್ಷಣ ಮುಂದಕ್ಕೆ ಹೋದಳು. ಆದರೆ ಪಿನ್ನು ಕಚ್ಚಿರಲಿಲ್ಲ. ಟ್ರಕ್ಕು ಮಾತ್ರ ಹೋಯಿತು, ಟ್ರೈಲರ್ ಇನ್ನೂ ಒಂದು ಗೇಣು ಹಿಂದಕ್ಕೆ ಕೂತಿತು. ಅಲ್ಲಿಗೆ ಮುಗಿಯಿತು.

ಪೊಲೀಸರು ಕೇಳಿದರು, "ಸಂಜ್ಞೆ ಬರುವ ಮುಂಚೆಯೇ ತೆಗೆದಿರಾ?"

"ಇಲ್ಲ. ಎರಡು ಏಟು ಬಿತ್ತು," ಅಂದಳು ಟ್ವೈಲಾ, ಒಂದು ವರ್ಷದ ಮೇಲೆ ಮೊದಲ ಸಲ ತಲೆ ಎತ್ತಿ.

"ನಾನೂ ಕೇಳಿದೆ," ಅಂದೆ ನಾನು. ವರ್ಲಿನ್ ಸುತ್ತಿಗೆ ಹಿಡಿದು ಏನೇನು ಕೂಗಿದ ಅಂತಲೂ ಹೇಳಿದೆ. ಮೂರನೇ ದಿನ ಓಡೆಸಾದಿಂದ ತಾಯಿ ಬಂದಳು. ಅಂಗಳದ ನಡುವೆ ಮಗಳನ್ನು ಹಿಡಿದುಕೊಂಡು ಗೊಳೋ ಅಂತ ಅತ್ತಳು. ನೋಡಲಾಗದೆ ನಾನು ಒಳಗೆ ಹೋಗಿಬಿಟ್ಟೆ.

ಎಲ್ಲರೂ ಆ ಟ್ರೈಲರ್ ಮಾರು ಅಂದರು. ಟ್ವೈಲಾ ಮಾರಲಿಲ್ಲ. ಟ್ರಕ್ಕಿನಿಂದ ಎಳೆಸಿ ಅದೇ ಹದಿನೇಳರಲ್ಲಿ ಸರಿಯಾಗಿ ನಿಲ್ಲಿಸಿಕೊಂಡು, ಅದರಲ್ಲೇ ಇದ್ದಾಳೆ. ಮೊನ್ನೆ ಧೂಳುಗಾಳಿ ಎದ್ದು ನನ್ನದು ತೊಟ್ಟಿಲಿನ ಹಾಗೆ ತೂಗಿತಲ್ಲ, ಆಗ ನಾನು ಅವಳ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಕಂಠದವರೆಗೂ ತುಂಬಿದ ಲೋಟ. ಒಂದು ತೊಟ್ಟು ತುಳುಕಲಿಲ್ಲ. ಹೊರಗೆ ಬಂದು, ಈ ಮಂಡಿನೋವಿನಲ್ಲೂ ಬಗ್ಗಿ, ಟಾರ್ಚು ಬಿಟ್ಟು ಕೆಳಗೆ ನೋಡಿದೆ.

ಮುಕ್ಕಾಲಿ ಇಲ್ಲ. ಜಾಕ್ ಇಲ್ಲ. ಇಳಿಜಾರಿನಲ್ಲಿ ನಿಂತ ಆ ಏಳು ಟನ್ನಿನ ಗಾಲಿಗೆ ಒಂದು ಹಿಡಿ ಕಲ್ಲು ಕೂಡ ಕೊಟ್ಟಿಲ್ಲ. ನನ್ನ ಮಾತು ಬೇಡ, ದೀಪ ಹಿಡಿದುಕೊಂಡು ನೀವೇ ಹೋಗಿ ನೋಡಿ ಬನ್ನಿ... ಅಲ್ಲೇ ಇದೆ, ಪಕ್ಕದಲ್ಲೇ.