ಪುಲ್ ಥ್ರೂ ಅಂದರೇನು

ಆಸ್ಪತ್ರೆಯ ತುರ್ತು ವಿಭಾಗದ ಹೊರಗೆ ದರ್ಜಿಯೊಬ್ಬ ದೇವರ ಮೇಲೆ ಭಾರ ಹಾಕಿ, ಹೆಂಡತಿಯ ಸರದಿ ಕಾಯುತ್ತ ಕೂತಿದ್ದ. ಅದೇ ಬೆಂಚಿನಲ್ಲಿ ಬಾವಿ ತೋಡುವ ಮನೆತನದ ಅಕ್ಕ, ತಮ್ಮ. ಬೆಳಿಗ್ಗೆ ಅವರಪ್ಪನ ಮೇಲೆ ಬಾವಿಯ ಮಣ್ಣು ಕುಸಿದಿತ್ತು. ಡಾಕ್ಟರು ಆಗಷ್ಟೇ ತಮ್ಮನಿಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಒಳಗೆ ಹೋಗಿದ್ದರು.

“ಪುಲ್ ಥ್ರೂ ಅಂದ್ರಲ್ಲ, ಏನೋ ಅದು?” ಅಕ್ಕ ಕೇಳಿದಳು.

“ಪುಲ್ ಅಂದ್ರೆ ಎಳೆಯೋದು. ಥ್ರೂ ಸೇರಿದ್ರೆ ಗಂಡಾಂತರದಿಂದ ಪಾರಾಗೋದು.”

“ಒಳ್ಳೇ ಮಾತೇ ಆಯ್ತಲ್ಲ.”

“ಒಳ್ಳೇ ಮಾತೇ ಕಣಕ್ಕಾ. ನಷ್ಟದಿಂದ ಚೇತರಿಸ್ಕೊಂಡ ಅಂಗಡಿಗೂ ಹಾಗೇ ಹೇಳ್ತಾರೆ.”

“ಪಾಠ ಸಾಕು ಮೇಷ್ಟ್ರೇ. ಹಾಗಾದ್ರೆ ಅಮ್ಮನ್ನ ಕರೆಸೋದು ಬೇಡ, ಅಪ್ಪನೇ ಮನೆಗೆ ಬರ್ತಾರೆ ಅನ್ನು.”

ತಮ್ಮ ನೆಲ ನೋಡಿದ.

“ಬಾವಿಗಿಳಿದೋರು ಕೇಳಿದ್ರೆ, ಮೇಲೆ ಹಗ್ಗ ಹಿಡಿದೋರು ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ಅಪ್ಪ ನಮಗೆ ಮೊದಲು ಕಲಿಸಿದ್ದೇ ಅದು. ಈಗ ಕೆಳಗಿರೋಳು ನಾನು. ಹೇಳು.”

“ಪುಲ್ ಥ್ರೂ ಆಗಲ್ಲ ಅಂದ್ರು. ಸಂಜೆ ತನಕ ಇದ್ರೆ ಹೆಚ್ಚು.”

ಅಕ್ಕ ಅಂಗೈಯಿಂದ ತಮ್ಮನ ಕೆನ್ನೆ ಒರೆಸಿದಳು.

“ಎಚ್ಚರ ಇದೆಯಾ?”

“ಇದೆ. ಅಮ್ಮನ್ನೇ ಕೇಳ್ತಿದ್ದಾರಂತೆ.”

“ಅಷ್ಟು ಗೊತ್ತಿದ್ದೂ ಕಲ್ಲಿನ ಹಾಗೆ ಕೂತಿದ್ದೀಯಲ್ಲೋ. ಏಳು. ನೀನು ಅಪ್ಪನ ಕೈ ಹಿಡ್ಕೊಂಡಿರು, ನಾನು ಅಮ್ಮನ್ನ ಕರ್ಕೊಂಡು ಬರ್ತೀನಿ.”

“ಅಮ್ಮಂಗೆ ಏನಂತ ಹೇಳ್ತೀಯ?”

“ನೀನು ನಂಗೆ ಕೊನೇಲಿ ಹೇಳಿದ್ದನ್ನ, ಮೊದಲೇ ಹೇಳ್ತೀನಿ.”

ತಮ್ಮ ಬಾಗಿಲು ತಳ್ಳಿ ಒಳಹೊಕ್ಕ. ಅಕ್ಕ ಆಗಲೇ ಬೀದಿಯಲ್ಲಿ ಓಡುತ್ತಿದ್ದಳು.