ಸತ್ತವನಿಗೆ ನೂರು ವರ್ಷ

ಕಾಲಚಕ್ರವನ್ನು ಬೆರಳ ತುದಿಯಲ್ಲಿ ತಿರುಗಿಸುವ ಶ್ರೀಹರಿಗೆ ಮೊದಲ ವಂದನೆ. ಆ ಚಕ್ರಕ್ಕೆ ಸಿಲುಕಿದ ಜೀವಗಳನ್ನು ಹೆಸರು ಹಿಡಿದು ಕರೆಯುವ ಯಮಧರ್ಮನಿಗೆ ಎರಡನೆಯದು. ಒಬ್ಬರ ಹೆಸರಿಗೆ ಇನ್ನೊಬ್ಬರನ್ನು ಕರೆಯದಿರಲಿ ಎಂಬುದಷ್ಟೇ ಪ್ರಾರ್ಥನೆ.

ಅಮೆರಿಕದ ಟೆಕ್ಸಸ್‌ನ ಪ್ಲೇನೋ ಊರಿನ ದೇವಸ್ಥಾನದಲ್ಲಿ ಆ ಶನಿವಾರ ಮಧ್ಯಾಹ್ನವೇ ದೀಪ ಹಚ್ಚಬೇಕಾಯಿತು. ಆಲಿಕಲ್ಲು ಬೆರೆತ ಮಳೆ ಕಾರು ನಿಲ್ಲಿಸುವ ಬಯಲನ್ನು ಬಡಿಯತೊಡಗಿದಾಗ ವಾಹನಪೂಜೆಗೆ ಬಂದವರೆಲ್ಲ ಊಟದ ಕೋಣೆಗೆ ಓಡಿದರು. ಅವರಲ್ಲಿ ಅಖಿಲನೂ ಒಬ್ಬ. ಹೂಸ್ಟನ್ನಿನ ದಲ್ಲಾಳಿಯೊಬ್ಬನಿಂದ ಕೊಂಡ ಅರವತ್ತಮೂರನೆಯ ಇಸವಿಯ ಸ್ಟಿಂಗ್ ರೇ ಕಾರಿಗೆ ಇಂದು ಪೂಜೆ ಮಾಡಿಸಿ, ನಾಳೆ ರೌಂಡ್ ರಾಕ್ ಊರಿಗೆ ಹೋಗಿ, ತಾನು ಮದುವೆಯಾಗಲಿರುವ ಹರ್ಷಿಣಿಯನ್ನು ಅದರಲ್ಲೇ ಕರೆತರಬೇಕೆಂಬುದು ಅವನ ಆಸೆ. ಆದರೆ ಅರ್ಚಕ ಹಯಗ್ರೀವಾಚಾರ್ಯರು ಆ ಕಾರನ್ನು ಕಂಡೊಡನೆ, ಇನ್ನೂ ಹನಿ ಬೀಳುವ ಮುನ್ನವೇ, ಪೂಜೆಯ ತಟ್ಟೆಯನ್ನು ಒಳಕ್ಕೆ ಒಯ್ದಿದ್ದರು. ಅದರಿಂದ ಅವನಿಗೆ ಕಸಿವಿಸಿಯಾಗಿತ್ತು.

"ಅಯ್ಯೋ, ಈ ಆಲಿಕಲ್ಲಿಗೆ ನನ್ನ ಕಾರಿನ ಗತಿಯೇನು!"

"ಕೂಗಿದ್ರ ಮಳಿ ನಿಲ್ತದೇನೋ ತಮ್ಮಾ?" ಅಡುಗೆಮನೆಯಿಂದ ಚಹಾ ತಂದ ಶಾಂತವ್ವ ಛೇಡಿಸಿದಳು. "ಹೆಂಡ್ತಿ ಬರೂಕಿಂತ ಮೊದ್ಲ ಸವತೀನ್ನ ತಂದು ಕುಂತಿ!"

ಎಲ್ಲರೂ ನಕ್ಕರು. ಆಚಾರ್ಯರು ನಗಲಿಲ್ಲ. ಬಯಲು ಕಾಣುವ ಕಿಟಕಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕುಳಿತರು.

"ಕೇಳಿ... ನಾನು ಹೂಸ್ಟನ್ ಕಡೆ, ಕೇಟಿಯಲ್ಲಿ ಪೌರೋಹಿತ್ಯ ಮಾಡ್ತಿದ್ದಾಗಿನ ಮಾತು. ಹನ್ನೊಂದು ವರ್ಷ ಆಯ್ತು. ಮೋಹನರಾಜ ಅಂತ ಒಬ್ಬ ಎಂಜಿನಿಯರ್ರು ಆಸ್ಟಿನ್ನಿನಲ್ಲಿ ಒಬ್ಬ ವಿಧವೆ ಹತ್ರ ಹಳೇ ಕಾರು ಕೊಂಡು ತಂದ್ರು. ಅಖಿಲಪ್ಪ, ನಿಮ್ಮದರ ಹಾಗೇ ಅರವತ್ತಮೂರರದ್ದು. ಆ ಒಂದೇ ವರ್ಷ ಹಿಂದಿನ ಗಾಜನ್ನ ಎರಡು ಹೋಳು ಮಾಡಿ, ನಡುವೆ ಬೆನ್ನೆಲುಬಿನ ಹಾಗೆ ಪಟ್ಟಿ ಇಟ್ಟಿದ್ರಂತೆ. ಕನ್ನಡೀಲಿ ನೋಡಿದ್ರೆ ಹಿಂದಿನ ರಸ್ತೆಯನ್ನೇ ಸೀಳಿದ ಹಾಗೆ ಕಾಣೋದು. ಮುಂದೆ ಬಂದು ನೋಡಿದ್ರೆ ಕಣ್ಣೇ ಇಲ್ಲ. ದೀಪಗಳು ಮೂತಿಯೊಳಗೆ ಮುಖ ತಿರುಗಿಸಿಕೊಂಡು ಮಲಗಿರ್ತವೆ, ಸ್ವಿಚ್ಚು ಹಾಕಿದ್ರೆ ಹೊರಳಿ ಕಣ್ಣು ಬಿಡ್ತವೆ. ಡಿಕ್ಕಿಗೆ ಬಾಗಿಲಿಲ್ಲ, ಸಾಮಾನೆಲ್ಲ ಸೀಟಿನ ಹಿಂದೆ ತುರುಕಬೇಕು. ಸೀಟೋ, ಎರಡೇ. ಇನ್ನು ಮೈ... ಕಬ್ಬಿಣದ್ದಲ್ಲ, ಫೈಬರ್‌ಗ್ಲಾಸು. ಮೋಹನರಾಜರು ಅಡಿಯಲ್ಲಿ ಅಯಸ್ಕಾಂತ ಇದ್ದ ಪುಟ್ಟ ಗಣಪತೀನ ಬಾನೆಟ್ ಮೇಲಿಟ್ರು, ಜಾರಿ ನೆಲಕ್ಕೆ ಬಿತ್ತು. ನಾವೆಲ್ಲ ನಕ್ಕುಬಿಟ್ವಿ. ಕಬ್ಬಿಣ ಇಲ್ಲದ ಕಡೆಗೆ ಯಾರು ಬೇಕಾದ್ರೂ ಬರಬಹುದು ಅನ್ನೋದು ನಮ್ಮಜ್ಜಿಗೂ ಗೊತ್ತಿತ್ತು. ನನಗೆ ಯಾಕೆ ಹೊಳೀಲಿಲ್ಲ?

"ಅವತ್ತು ಆಯುಧಪೂಜೆ. ಅರವತ್ತು ಕಾರು, ನಾನೊಬ್ಬ. ಸಂಕಲ್ಪಕ್ಕೆ ಒಬ್ಬೊಬ್ಬರ ಹೆಸರು, ಗೋತ್ರ ಕೇಳ್ತಾ ನಿಂತರೆ ಮುಗಿಯೋದು ಯಾವಾಗ? ಎಲ್ಲರೂ ಕಾರಿನ ಕಾಗದ ವೈಪರ್ ಕೆಳಗೆ ಸಿಕ್ಕಿಸಿ ಅಂದೆ, ಓದ್ತಾ ಹೋದೆ. ಆ ಕಾರಿನ ಕಾಗದ ಇನ್ನೂ ಮೋಹನರಾಜರ ಹೆಸರಿಗೆ ಆಗಿರಲಿಲ್ಲ. ಇದ್ದದ್ದು ಆ ವಿಧವೆಯ ಗಂಡನ ಹೆಸರು... ಆತ ತೀರಿಹೋಗಿ ಆರು ತಿಂಗಳಾಗಿತ್ತು. ಅದನ್ನೇ ಓದಿದೆ. ಗೋತ್ರ ತಿಳೀದವರಿಗೆ ಹೇಳೋ ಹಾಗೆ ಕಾಶ್ಯಪ ಅಂತ ಸೇರಿಸಿದೆ. ಆಯುರಾರೋಗ್ಯ ಬೇಡಿದೆ. ಅಕ್ಷತೆ ಹಾಕಿ, ಶತಮಾನಂ ಭವತಿ, ನೂರು ವರ್ಷ ಬಾಳು ಅಂದೆ... ಯಾರಿಗೆ? ಮಣ್ಣು ಸೇರಿದವನಿಗೆ!"

"ಅಯ್ಯ ಶಿವನ! ಆವಾಗ್ಲೇ ತಿದ್ದಬಾರದಿತ್ತೇನ್ರಿ?"

"ಗೊತ್ತಾದರೆ ತಾನೇ ತಾಯಿ? ಮೂರು ವಾರ ಆದಮೇಲೆ, ನರಕಚತುರ್ದಶಿ ದಿನ, ಮೋಹನರಾಜರ ಹೆಂಡತಿ ಕೋಕಿಲಮ್ಮ ಬಂದ್ರು. 'ದೀಪಗಳು ತಾವಾಗೇ ತೆರ್ಕೊಳ್ತವೆ ಆಚಾರ್ಯರೇ. ಕನ್ನಡೀಲಿ ಒಂದು ಗಾಜಲ್ಲಿ ರಸ್ತೆ ಕಾಣುತ್ತೆ, ಇನ್ನೊಂದರಲ್ಲಿ...' ಅಂದವರು ಮುಂದೆ ಹೇಳಲಿಲ್ಲ. ನಲವತ್ತರ ಗಂಡಸಿನ ಕೈ ಎಪ್ಪತ್ತರವರ ಹಾಗೆ ನಡುಗುತ್ತಂತೆ. ಹಿಂದಿನ ದಿನ ಈಕೆ ಜೊತೆಗೆ ಹೊರಟ್ರೆ, 'ಎರಡೇ ಸೀಟು ಕಣೆ, ನಿನಗೆ ಜಾಗ ಎಲ್ಲಿದೆ?' ಅಂದ್ರಂತೆ. ಕಾಗದ ತರಿಸಿದೆ, ಅದರಲ್ಲಿರೋ ಹೆಸರು ಯಾರದ್ದು ಅಂತ ಕೇಳಿದೆ, ಆಗ ತಿಳೀತು. ನೂರು ವರ್ಷ ಅಂತ ಬಾಯಿಂದ ಕೊಟ್ಟುಬಿಟ್ಟಿದ್ದೆ... ಆ ಆಯಸ್ಸು ಯಾರದ್ದಾದ್ರೂ ಆಗಬೇಕಲ್ಲ?

"ನಾಳೆ ಅಮಾವಾಸ್ಯೆ, ಆತನಿಗೆ ತರ್ಪಣ ಬಿಟ್ಟು ಬೀಳ್ಕೊಡ್ತೀನಿ ಅಂದೆ. ತಿಥಿ ನೋಡಿಕೊಂಡು ಕಾದೆ. ಕಾಯಬಾರದಿತ್ತು. ಬೆಳಗ್ಗೆ ಎಳ್ಳು ದರ್ಭೆ ಹಿಡಿದು ಹೋದರೆ ಕಾರು ಗರಾಜಿನಲ್ಲಿತ್ತು, ಎಂಜಿನ್ ಇನ್ನೂ ಬಿಸಿ. ಮೋಹನರಾಜರು ಒಳಗೆ ಕೂತಿದ್ರು... ಜೀವ ಇರಲಿಲ್ಲ. ಹೃದಯ ನಿಂತಿದೆ ಅಂದ್ರು ಡಾಕ್ಟರು. ಇರಬಹುದು. ಆದರೆ ಅವರು ಕೂತಿದ್ದು ಡ್ರೈವರ್ ಸೀಟಿನಲ್ಲಲ್ಲ, ಪಕ್ಕದ್ದರಲ್ಲಿ. ಹಾಗಾದ್ರೆ ಓಡಿಸಿಕೊಂಡು ಬಂದೋರು ಯಾರು?

"ತರ್ಪಣ ಬಿಟ್ಟೆ. ಪ್ರತಿ ಅಮಾವಾಸ್ಯೆಗೂ ಬಿಡ್ತಾನೇ ಇದ್ದೀನಿ. ನೂರು ವರ್ಷ ಬಾಳು ಅನ್ನಿಸಿಕೊಂಡವನಿಗೆ ಎಳ್ಳುನೀರು ಮುಟ್ಟುತ್ತೇನು? ಕೋಕಿಲಮ್ಮ ಕಾರನ್ನ ಹೂಸ್ಟನ್ನಿನಲ್ಲೇ ಯಾರಿಗೋ ಕೊಟ್ಟುಬಿಟ್ರು. ಮತ್ತೆ ಅದನ್ನ ನಾನು ನೋಡಿದ್ದು... ಇವತ್ತು."

ಅಖಿಲ ತನ್ನ ಬಲಗೈಯನ್ನು ನೋಡಿಕೊಂಡ. ಒಂದು ವಾರದಿಂದ ಅದರಲ್ಲೊಂದು ಸಣ್ಣ ನಡುಕವಿತ್ತು, ಆಫೀಸಿನ ಎ.ಸಿ. ಗಾಳಿಯೆಂದು ಅವನು ಅಂದುಕೊಂಡಿದ್ದ. ಪಕ್ಕದ ಸೀಟಿನಲ್ಲಿ ಕುಳಿತು ನಗುವ ಹರ್ಷಿಣಿಯ ಮುಖವನ್ನು ಕಲ್ಪಿಸಲು ಯತ್ನಿಸಿದ. ಆಗಲಿಲ್ಲ.

"ಕಾಗದ ನನ್ನ ಹೆಸರಿಗೇ ಆಗಿದೆ ಆಚಾರ್ಯರೇ," ಎಂದ. "ಮಳೆ ನಿಂತ ಮೇಲೆ ಪೂಜೆ ಮಾಡಬಹುದಲ್ವಾ?"

"ನಿಮ್ಮ ಬಾಯಿಂದ ಹೆಸರು ಹೇಳಿಸಿಕೊಂಡೇ ಮಾಡ್ತೀನಪ್ಪ. ಆದರೆ ಮಳೆ ನಿಂತು ಆಗಲೇ ಅರ್ಧ ಗಂಟೆ ಆಯ್ತು." ಆಚಾರ್ಯರು ಕಿಟಕಿಯಿಂದ ಕಣ್ಣು ಕೀಳಲಿಲ್ಲ. "ನಾನು ಕಾಯ್ತಿರೋದು ಮಳೆಗಲ್ಲ. ಒಳಗೆ ಕೂತಿರೋರು ಇಳೀಲಿ ಅಂತ."

ಬೀಗ ಹಾಕಿದ ಕಾರಿನ ಕೀಲಿಕೈ ಅಖಿಲನ ಮುಷ್ಟಿಯಲ್ಲಿಯೇ ಇತ್ತು.

ಈ ಕಥೆಯನ್ನು ಕೇಳಿದ, ಉಸಿರಾಡುತ್ತಿರುವ ಜೀವಗಳೆಲ್ಲಕ್ಕೂ, ಅವುಗಳಿಗೆ ಮಾತ್ರವೇ, ಆ ಶ್ರೀಹರಿ ದೀರ್ಘಾಯುಸ್ಸನ್ನೂ ಕ್ಷೇಮವನ್ನೂ ಕರುಣಿಸಲಿ.