ಅಪ್ಪನಿಗೆ ಓದಿ ಹೇಳಿದ ಕಾದಂಬರಿಗಳು

ಹೌದು, ಬದಲಾಯಿಸಿದೆ. ಆಯ್ತಾ? ನಿಮ್ಮ ಗೆಳೆಯ ಮೇಷ್ಟ್ರು ಹೇಳಿದ್ದೇ ನಿಜ. ಪುಸ್ತಕದಲ್ಲಿ ಆ ಬೇಕರಿ ಮುದುಕ ಬಾಗಿಲು ತೆಗೀತಾನೆ. ಮಗನನ್ನ ತಬ್ಕೋತಾನೆ, ಬಿಸಿ ಬ್ರೆಡ್ ಮುರಿದು ಬಾಯಿಗಿಡ್ತಾನೆ, ಇಬ್ರೂ ಅಳ್ತಾರೆ... ಎರಡೂವರೆ ಪುಟ ಅಳ್ತಾರೆ! ನಾನು ನಿಮಗೆ ಓದಿದ್ದರಲ್ಲಿ ತೆಗೆಯಲ್ಲ. ದೀಪ ಆರಿಸಿ ಒಳಗೆ ಹೋಗಿಬಿಡ್ತಾನೆ. ಅಷ್ಟೇ ವ್ಯತ್ಯಾಸ. ಅದಕ್ಕೇನೀಗ? ಇವತ್ತು ಊಟಕ್ಕೆ ಕೂತಾಗ ಉಪ್ಪು ಜಾಸ್ತಿ ಅಂತ ಬೈಯೋಕೂ ಬಾಯಿ ಬರಲಿಲ್ಲ. ಈಗ ನೋಡಿದ್ರೆ ಕುರ್ಚಿ ಕಿಟಕಿ ಕಡೆ ತಿರುಗಿಸ್ಕೊಂಡು ಕೂತಿದ್ದೀರಿ. ಕಣ್ಣು ಕಾಣದವರಿಗೆ ಕಿಟಕಿ ಯಾಕಪ್ಪಾ?

ನಿಮಗೆ ಗೊತ್ತಾಗಿದೆ ಅಂತ ನನಗೆ ಹೇಗೆ ಗೊತ್ತಾಯ್ತು ಅಂತಾನಾ? ಮೇಷ್ಟ್ರೇ ಹೇಳಿದ್ರು. ಬೆಳಿಗ್ಗೆ ನಾನು ನಿಮ್ಮ ಔಷಧಿ ತಗೊಂಡು ವಾಪಸ್ ಬರ್ತಿದ್ದೆ, ಅವರು ನಿಮ್ಮನ್ನ ಮಾತಾಡಿಸಿ ಹೊರಗೆ ಹೊರಟಿದ್ರು. ಗೇಟಿನ ಹತ್ರ ಸಿಕ್ಕಿದ್ರು. ಮೂವತ್ತೈದು ವರ್ಷ ಮಕ್ಕಳನ್ನ ಗದರಿಸಿ ಲೆಕ್ಕ ಕಲಿಸಿದ ಮನುಷ್ಯ, ನನ್ನ ಮುಖ ನೋಡೋಕಾಗದೆ ಚಪ್ಪಲಿ ನೋಡ್ಕೊಂಡು ನಿಂತಿದ್ರು. "ಅಮ್ಮಾ, ನಿಮ್ಮ ತಂದೆಯವರಿಗೆ ಆ ಕಾದಂಬರಿಯ ಕೊನೆ ಬೇರೆ ಥರ ನೆನಪಿದೆ..." ಅಂತ. ಪಾಪ! ನಿಮಗೆ ಅರಳು ಮರಳು ಅಂದ್ಕೊಂಡಿರಬೇಕು ಮೊದಲು.

ಅದೊಂದೇನಾ ಅಂತ ಕೇಳಿ. ಕೇಳಿ, ಪರವಾಗಿಲ್ಲ. ಎಲ್ಲಾ! ನಿಮ್ಮ ಕಣ್ಣು ಹೋಗಿ ಆರು ವರ್ಷ. ದಿನಾ ಸಂಜೆ ಏಳಕ್ಕೆ ಶುರು ಮಾಡಿದ್ರೆ ಎಂಟೂವರೆ ತನಕ. ನಲವತ್ತೊಂದು ಕಾದಂಬರಿ ಓದಿದ್ದೀನಿ. ಜೈಲಿನಿಂದ ಬಂದ ಅಣ್ಣನಿಗೆ ತಮ್ಮ ಮುಖ ತಿರುಗಿಸಿದನಲ್ಲ? ಪುಸ್ತಕದಲ್ಲಿ ಅವನು ಅಣ್ಣನ ಪಾದ ತೊಳೀತಾನೆ. ಹಡಗಿನವನ ಹೆಂಡತಿ ಉಂಗುರ ಬಾವಿಗೆ ಎಸೆದಳಲ್ಲ? ಬೆರಳಿಗೆ ಹಾಕ್ಕೊಂಡಿದ್ದಳು, ಪುಣ್ಯಾತ್ಗಿತ್ತಿ. ನನ್ನ ಬಾಯಲ್ಲಿ ಯಾರಿಗೂ ಕ್ಷಮೆ ಸಿಗಲಿಲ್ಲ. ಅದೂ ಓದ್ತಾ ಓದ್ತಾನೇ ಬದಲಾಯಿಸಬೇಕು, ಒಂದು ಕಡೆ ತಡವರಿಸೋ ಹಾಗಿಲ್ಲ, ಬರೆದವರ ಧಾಟಿ ಕೆಡೋ ಹಾಗಿಲ್ಲ. ನಮ್ಮ ಪ್ರಕಾಶನದ ಆಫೀಸಿನಲ್ಲಿ ಇನ್ಯಾರಾದ್ರೂ ಮಾಡಲಿ ನೋಡೋಣ! ಬೇಕರಿ ಮುದುಕ ದೀಪ ಆರಿಸಿದಾಗ ನೀವು ಅತ್ರಿ. ಚಾದರದ ತುದಿಯಲ್ಲಿ ಮುಖ ಒರೆಸ್ಕೊಂಡ್ರಿ. ನಾನು ನೋಡ್ತಾ ಇದ್ದೆ.

ಹಾಗೆ ತಲೆ ಆಡಿಸಬೇಡಿ. ಪುಸ್ತಕದ ಮೇಲೆ ಪ್ರೀತಿ ಇಲ್ಲದವಳು ಅನ್ಬೇಡಿ ಮಾತ್ರ. ಬೇರೆ ಏನು ಬೇಕಾದ್ರೂ ಅನ್ನಿ, ಅದೊಂದು ಬೇಡ.

ಈ ಮನೆಗೆ ಆ ಪುಸ್ತಕದ ಪೆಟ್ಟಿಗೆಗಳು ಬಂದಾಗ ನನಗೆ ಒಂಬತ್ತು. ಯಾವುದೋ ಹಳೇ ಚರ್ಚು ಮುಚ್ಚಿದಾಗ, ನೀವು ಪಾದ್ರಿ ಅಂತ ಅವರ ಲೈಬ್ರರಿ ನಿಮಗೆ ಕಳಿಸಿದ್ರು, ನೆನಪಿದೆಯಾ? ನೀವು ಭಾನುವಾರ ಚರ್ಚಿನಲ್ಲಿ ಹೇಳೋ ಪ್ರಸಂಗದ ಪುಸ್ತಕ ಎತ್ತಿಟ್ಕೊಂಡ್ರಿ, ಕಾದಂಬರಿಗಳನ್ನ ಮೆಟ್ಟಿಲ ಕೆಳಗೆ ತಳ್ಳಿದ್ರಿ. ನಾನು ಅಲ್ಲೇ ಬೆಳೆದೆ, ಆ ಮೆಟ್ಟಿಲ ಕೆಳಗೆ! ಅಮ್ಮ ಸಂಜೆ ನನಗೂ ತಂಗಿ ಗುಬ್ಬಿಗೂ ಓದೋಳು. ಗುಬ್ಬಿ ಅಳೋಳು. ಪ್ರತಿ ಸಲ, ಅದೇ ಪುಟಕ್ಕೆ, ಅದೇ ಸಾಲಿಗೆ. ನಾನು ಅಳ್ತಿರಲಿಲ್ಲ. "ಅಮ್ಮಾ, ಹಿಂದಿನ ಅಧ್ಯಾಯದಲ್ಲಿ ಕುದುರೆ ಬಿಳಿ ಇತ್ತು, ಈಗ ಕಂದು ಆಗಿದೆ" ಅಂತಿದ್ದೆ. ನೀವಿಬ್ರೂ ನಕ್ಕುಬಿಡೋರು. ಗುಬ್ಬಿಗೆ ಹೃದಯ ಇದೆ, ದೊಡ್ಡವಳಿಗೆ ಕಣ್ಣಿದೆ ಅಂತ ನೀವೇ ಅಂದಿದ್ದು. ಮರೆತಿರ್ತೀರಿ. ನಾನು ಮರೆತಿಲ್ಲ.

ಆ ಕಣ್ಣಿನಿಂದಾನೇ ಇಪ್ಪತ್ತೇಳು ವರ್ಷ ಅನ್ನ ತಿಂದೆ. ಪ್ರೂಫ್ ತಿದ್ದೋಳಾಗಿ ಸೇರಿದೆ, ಈಗ ನಮ್ಮಲ್ಲಿ ಬರೋ ಒಂದೊಂದು ಕ್ರೈಸ್ತ ಕಾದಂಬರಿಯೂ ನನ್ನ ಮೇಜು ದಾಟಿಯೇ ಹೋಗಬೇಕು. ಎಂಥೆಂಥವು ಬರ್ತವೆ ಗೊತ್ತಾ! ಮೂರನೇ ಪುಟದಲ್ಲಿ ಕುಡುಕ, ನಾಲ್ಕನೇ ಪುಟದಲ್ಲಿ ಸಂತ. ಹೋದ ವಾರ ಒಬ್ಬಳು ನರ್ಸ್ ಬಂದಿದ್ದಳು, ಹಸ್ತಪ್ರತಿ ಎದೆಗೆ ಅವುಚಿಕೊಂಡು. "ಇದನ್ನ ದೇವರೇ ಬರೆಸಿದ್ದು ಮೇಡಂ" ಅಂದಳು. "ಹಾಗಾದ್ರೆ ದೇವರಿಗೆ ಅಲ್ಪವಿರಾಮ ಹಾಕೋಕೆ ಬರಲ್ಲ" ಅಂದೆ. ಅತ್ಕೊಂಡು ಹೋದಳು. ಅಳಲಿ. ಆಮೇಲೆ ಪೂರ್ತಿ ಓದಿದೆ. ಕೊನೆಯಲ್ಲಿ ಒಬ್ಬ ತಾಯಿ, ತನ್ನ ಮಗುವಿಗೆ ತಪ್ಪು ಇಂಜೆಕ್ಷನ್ ಕೊಟ್ಟವಳ ಮನೆಗೆ ಹೋಗಿ ಸುಮ್ನೆ ಪಕ್ಕದಲ್ಲಿ ಕೂತ್ಕೋತಾಳೆ. ಬರೀ ಕೂತ್ಕೋತಾಳೆ. ಪೆನ್ನು ಕೆಳಗಿಟ್ಟುಬಿಟ್ಟೆ ಅಪ್ಪಾ. ಈ ವಯಸ್ಸಿನಲ್ಲೂ! ನಿಮ್ಮ ಪ್ರಸಂಗ ಕೇಳಿ ನನಗೆ ಒಂದು ದಿನವೂ ದೇವರು ನೆನಪಾಗಲಿಲ್ಲ. ಏನಾದ್ರೂ ನಂಬಿಕೆ ಅಂತ ನನ್ನಲ್ಲಿ ಉಳಿದಿದ್ರೆ ಅದು ಬಂದಿದ್ದು ಇಂಥ ಪುಟಗಳಿಂದ. ಹೋದವರು ಬರ್ತಾರೆ. ಒಳಗಿದ್ದವರು ಬಾಗಿಲು ತೆಗೀತಾರೆ. ಅಷ್ಟೇ ಕಥೆ. ಎಷ್ಟು ಸಲ ಓದಿದ್ರೂ...

ಮತ್ತೆ ಯಾಕೆ ಬದಲಾಯಿಸಿದೆ? ಅದಕ್ಕೇ ತಾನೇ ಹುಬ್ಬು ಏರಿಸ್ತಿರೋದು? ಹೇಳ್ತೀನಿ. ನಿಮಗೆ ಅಂಥ ಕೊನೆ ಕೇಳೋ ಯೋಗ್ಯತೆ ಇಲ್ಲ ಅಂತ.

ಹೌದು, ಅಂದುಬಿಟ್ಟೆ. ಗುಬ್ಬಿ ಆ ಚರ್ಚಿನ ಆರ್ಗನ್ ವಾದ್ಯ ರಿಪೇರಿ ಮಾಡೋನ ಹಿಂದೆ ಹೋದಳು. ಅವನು ಹನ್ನೊಂದು ತಿಂಗಳಲ್ಲಿ ಕೈಬಿಟ್ಟ. ಅವಳು ವಾಪಸ್ ಬಂದಳು. ಇದೇ ಮನೆಗೆ, ಇದೇ ಬಾಗಿಲಿಗೆ. ನೀವು ಸ್ನಾನಕ್ಕೆ ಹೋಗಿದ್ರಿ. ನೀವು ತಲೆ ಒರೆಸ್ಕೊಂಡು ಈಚೆ ಬರೋಷ್ಟರಲ್ಲಿ ಅವಳು ಹೊರಟು ಹೋಗಿದ್ದಳು. ಶಾಲೆ ಸರ್ಟಿಫಿಕೇಟ್ ತಗೊಂಡು ಹೋಗೋಕೆ ಬಂದಿದ್ದಳು, ನಿಲ್ಲಲ್ಲ ಅಂದಳು ಅಂತ ನಾನು ಹೇಳಿದೆ. ನೀವೇನು ಮಾಡಿದ್ರಿ? ಗೇಟಿನ ತನಕ ಹೋದ್ರಿ. ಅಷ್ಟೇ! ಒದ್ದೆ ತಲೆಯಲ್ಲಿ ರಸ್ತೆ ನೋಡ್ತಾ ನಿಂತ್ರಿ, ವಾಪಸ್ ಬಂದ್ರಿ, ಊಟಕ್ಕೆ ಕೂತ್ರಿ. ನಮ್ಮ ಕಾದಂಬರಿಗಳಲ್ಲಿ ಅಪ್ಪಂದಿರು ಓಡ್ತಾರೆ ಅಪ್ಪಾ! ಚಪ್ಪಲಿ ಬಿಟ್ಟು ಓಡ್ತಾರೆ. ಬಸ್ ಸ್ಟ್ಯಾಂಡ್ ಹತ್ತು ನಿಮಿಷದ ದಾರಿ. ನೀವು ಓಡಲಿಲ್ಲ. ಅದಕ್ಕೇ ಇಷ್ಟು ವರ್ಷ...

ಏನು? ಯಾಕೆ ಹಾಗೆ ಮುಖ ಈ ಕಡೆ ತಿರುಗಿಸಿದ್ರಿ?

ಊಟ ಮಾಡಲಿಲ್ವಾ? ಸರಿ, ತಟ್ಟೆ ಮುಂದೆ ಕೂತಿದ್ರಿ. ತಿನ್ನಲಿಲ್ಲ, ಒಪ್ಕೊಂಡೆ. ಓಡಿದ್ರೂ ಏನು ಬಂತು, ಅವಳೇ ಬೇಡ ಅಂದಮೇಲೆ... ನಾನೇ ತಾನೇ ಹೇಳಿದ್ದು, ನಿಲ್ಲಲ್ಲ ಅಂದಳು ಅಂತ. ನಾನು ಹೇಳಿದ್ದನ್ನ ನೀವು ನಂಬಿದ್ರಿ. ಅದೇ ನಿಮ್ಮ ತಪ್ಪು! ಒಂದು ಸಲ ಅನುಮಾನ ಪಡಬಾರದಿತ್ತಾ? ನನ್ನ ಮಾತನ್ನ ಬೇರೆ ಯಾವುದಕ್ಕೂ ಲೆಕ್ಕಕ್ಕೆ ಇಟ್ಟವರಲ್ಲ ನೀವು, ಅವತ್ತು ಮಾತ್ರ...

ಏನಾದ್ರೂ ಹೇಳಿ. ಬೈಯಿರಿ.

ಕೈ ಯಾಕೆ ಜೇಬಿನ ಮೇಲೆ ಇಟ್ಟಿದ್ದೀರಿ? ಅವಳ ಪತ್ರಾನಾ? ನಾಲ್ಕು ವರ್ಷ ಆಯ್ತು ಅದು ಬಂದು, ಇನ್ನೂ ಅಂಗಿಯಿಂದ ಅಂಗಿಗೆ ಬದಲಾಯಿಸ್ಕೊಂಡು ಇಟ್ಕೊಂಡಿದ್ದೀರಿ. ಅವತ್ತೇ ಓದಿ ಹೇಳಿದೆನಲ್ಲ. "ನಾನು ಚೆನ್ನಾಗಿದ್ದೀನಿ, ಹೊಲಿಗೆ ಕೆಲಸ ಇದೆ, ಹಳೇದನ್ನ ಕೆದಕೋದು ಬೇಡ, ಬರೋಕಾಗಲ್ಲ." ಅಷ್ಟೇ ಇದ್ದಿದ್ದು. ಅದು ಕಾದಂಬರಿ ಅಲ್ಲ, ಪತ್ರ. ಪತ್ರವನ್ನ ಯಾರಾದ್ರೂ ಬದಲಾಯಿಸ್ತಾರಾ? ನಿಮಗೆ ಅನುಮಾನ ಇದ್ರೆ ಕೊಡಿ ಇಲ್ಲಿ, ಇನ್ನೊಂದು ಸಲ ಓದ್ತೀನಿ. ಅಕ್ಷರ ಅಕ್ಷರ ಓದ್ತೀನಿ. ಕೊಡಿ ಅಂದ್ರೆ...

ಜೇಬಿನಲ್ಲಿ ಇಲ್ವಲ್ಲ.

ಎಲ್ಲಿ ಅಪ್ಪಾ? ಎಲ್ಲಿಟ್ರಿ?

...ಮೇಷ್ಟ್ರ ಕೈಲಿ ಕೊಟ್ರಾ. ಬೆಳಿಗ್ಗೆ. ನಾನು ಔಷಧಿಗೆ ಹೋದಾಗ.

ಅದಕ್ಕೇ ಅವರು ನನ್ನ ಮುಖ ನೋಡಲಿಲ್ಲ. ನಾನು ಕಾದಂಬರಿ ವಿಷಯಕ್ಕೆ ಅಂದ್ಕೊಂಡೆ. ಓದಿದ್ರಾ ಅವರು? ಪೂರ್ತಿ? ಹಾಗಾದ್ರೆ ಬೆಳಿಗ್ಗೆಯಿಂದ... ಊಟದ ಹೊತ್ತಿಗೂ ನಿಮಗೆ ಗೊತ್ತಿತ್ತು. ಈಗ, ಇಷ್ಟು ಹೊತ್ತು ನಾನು ನಿಮ್ಮನ್ನ ಓಡಲಿಲ್ಲ ಓಡಲಿಲ್ಲ ಅಂತ... ಆಗಲೂ ಗೊತ್ತಿತ್ತು. ಕೇಳಿಸ್ಕೊಂಡು ಕೂತಿದ್ರಿ! ಕ್ರೂರಿ ಅಪ್ಪಾ ನೀವು. ನನಗಿಂತ ಕ್ರೂರಿ.

ಹೌದು. ಸರ್ಟಿಫಿಕೇಟ್ ಅಂತ ಅವಳು ಕೇಳಲೇ ಇಲ್ಲ. ಮೆಟ್ಟಿಲ ಮೇಲೆ ನಿಂತು "ಅಪ್ಪ ಇದ್ದಾರಾ ಅಕ್ಕಾ?" ಅಂದಳು. ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು, ಅಷ್ಟೇ. ನಡೆದೂ ನಡೆದೂ ಕಾಲು ಊದಿತ್ತು. ನಾನು ಅರ್ಧ ಬಾಗಿಲು ಹಿಡ್ಕೊಂಡು ಹೇಳಿದೆ, "ಅಪ್ಪನಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ" ಅಂತ. ಒಳಗೆ ನೀವು ನೀರು ಹುಯ್ಕೊಳ್ಳೋ ಸದ್ದು ಕೇಳಿಸ್ತಾ ಇತ್ತು. ಅವಳು ವಾದ ಮಾಡ್ತಾಳೆ ಅಂದ್ಕೊಂಡಿದ್ದೆ. ಮಾಡಲಿಲ್ಲ. "ಸರಿ ಅಕ್ಕಾ" ಅಂದಳು.

ಯಾಕೆ ಅಂತಾನಾ? ಅಮ್ಮ ಸಾಯೋ ಮುಂಚೆ ಮೂರು ವಾರ ಅವಳ ಹಾಸಿಗೆ ಬದಲಾಯಿಸಿದ್ದು ನಾನು, ಅವಳ ಬಾಯಲ್ಲಿ ಬರ್ತಿದ್ದ ಹೆಸರು ಗುಬ್ಬಿ. ನೀವು ಪ್ರಸಂಗ ಮಾಡುವಾಗ ಚರ್ಚಿನ ಹಿಂದಿನ ಬಾಗಿಲು ಕಿರ್ ಅಂದ್ರೆ ಸಾಕು, ಮಾತು ನಿಂತುಹೋಗ್ತಿತ್ತು. ಅವಳೇನೋ ಅಂತ ನೋಡೋರು. ಹನ್ನೊಂದು ತಿಂಗಳು, ವಾರ ವಾರ! ನಾನು ಮೊದಲ ಬೆಂಚಿನಲ್ಲೇ ಕೂತಿದ್ದೆ. ಮೊದಲ ಬೆಂಚು ನಿಮಗೆ ಕಣ್ಣಿದ್ದಾಗಲೂ ಕಾಣ್ತಿರಲಿಲ್ಲ. ಮನೆಯಲ್ಲೇ ಉಳಿದವಳ ಬಗ್ಗೆ ಯಾರೂ ಕಾದಂಬರಿ ಬರೆಯಲ್ಲ ಅಪ್ಪಾ. ಬರೆದ್ರೂ ನಾನು ವಾಪಸ್ ಕಳಿಸ್ತೀನಿ. ನೀರಸ.

ಆಮೇಲೆ ಪತ್ರ ಬಂತು. ಹುಷಾರಿಲ್ಲ, ಒಂದು ಸಾಲು ಬರೀರಿ ಅಪ್ಪಾ, ಬರ್ತೀನಿ... ಅಕ್ಕ ಅವತ್ತು ಹೀಗಂದಳು, ಈಗಲೂ ಹಾಗೇನಾ... ಅಂತ. ಅದನ್ನ ನಾನು ನಿಮ್ಮೆದುರು ಹೇಗೆ ಓದ್ಲಿ? ನನ್ನ ಬಾಯಿಂದಾನೇ? ಆದರೂ ನೀವು ಉತ್ತರ ಹೇಳಿ ಬರೆಸಿದ್ರಿ. "ಯಾವ ದಿನ ಬಂದ್ರೂ ಬಾ ಮಗಳೇ" ಅಂತ. ಬರ್ಕೊಂಡೆ. ಪೋಸ್ಟ್ ಮಾಡಲಿಲ್ಲ.

ಅವಳನ್ನ ಹಾಗೆ ಕಳಿಸಿದವಳು ಬಾಗಿಲು ತೆಗೆಯೋ ಕಥೆ ನಿಮಗೆ ಓದೋಕೆ ಕೂತ್ರೆ ಆ ಅರ್ಧ ಬಾಗಿಲೇ ಕಣ್ಮುಂದೆ ಬರೋದು. ಅದಕ್ಕೇ ತೆಗೀಲಿಲ್ಲ ಅಂತ ಓದ್ತಾ ಹೋದೆ. ನಿಮಗೆ ಯೋಗ್ಯತೆ ಇಲ್ಲ ಅಂದೆನಲ್ಲ, ಅದು ಸುಳ್ಳು. ಹೆದರಿಕೆ. ಬರೀ ಹೆದರಿಕೆ.

ಕುರ್ಚಿ ಕೆಳಗೆ ಏನು ತಡಕ್ತಿದ್ದೀರಿ? ಬೂಟಾ? ಈಗ ಬೂಟು ಯಾಕೆ, ಎಲ್ಲಿಗೆ?

ಮೇಷ್ಟ್ರು ಕಾರು ತರ್ತಾರಾ... ಅವಳ ವಿಳಾಸಕ್ಕೆ? ಇವತ್ತೇನಾ?

ಬೇಡ ಅಪ್ಪಾ. ಹೋಗ್ಬೇಡಿ. ನಿಲ್ಲಿ, ನನಗೆ ಹೇಳೋಕೆ ಬಿಡಿ. ಇನ್ನೊಂದು ಪತ್ರ ಬಂದಿತ್ತು. ಎರಡು ವರ್ಷದ ಹಿಂದೆ, ಆಸ್ಪತ್ರೆಯಿಂದ. ಅದನ್ನ ನಿಮಗೆ ಓದಲೇ ಇಲ್ಲ. ಮೂರು ಸಾಲು. ಹೆಸರು, ತಾರೀಕು, ಅವಳ ಸಾಮಾನು ಯಾರು ತಗೊಂಡು ಹೋಗ್ತೀರಿ ಅಂತ ಒಂದು ಪ್ರಶ್ನೆ. ಪುಸ್ತಕ ಮೇಳ ಇದೆ ಅಂತ ಹೇಳಿ ಎರಡು ದಿನ ಹೋಗಿದ್ದೆನಲ್ಲ, ಮೇಳ ಇರಲಿಲ್ಲ. ನಾನು ಅಲ್ಲಿಗೆ ಹೋಗಿದ್ದೆ. ಒಂದು ಕೋಣೆ. ಹೊಲಿಗೆ ಮಿಷನ್ನು, ಗುಂಡಿ ತುಂಬಿದ ಡಬ್ಬಿ, ಎರಡು ಸೀರೆ. ಮಂಚದ ಪಕ್ಕ ನಮ್ಮ ಪ್ರಕಾಶನದ ಕಾದಂಬರಿಗಳು, ಹನ್ನೊಂದು. ಎಲ್ಲಾ ನಾನು ತಿದ್ದಿದ್ದೇ. ಮೊದಲ ಪುಟದಲ್ಲಿ ಸಂಪಾದಕಿ ಅಂತ ನನ್ನ ಹೆಸರು ಇರುತ್ತಲ್ಲ, ಒಂದೊಂದರಲ್ಲೂ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು...

ಗುಬ್ಬಿ ಇಲ್ಲ ಅಪ್ಪಾ. ತೀರ್ಕೊಂಡು ಎರಡು ವರ್ಷ ಆಯ್ತು.

ಕೇಳಿಸ್ತಾ? ಬೂಟಿನ ಲೇಸು ಬಿಡಿ. ಕಟ್ಟಬೇಡಿ, ಅಲ್ಲಿ ಯಾರೂ ಇಲ್ಲ. ಅಪ್ಪಾ... ಯಾಕೆ ನಗ್ತಿದ್ದೀರಿ? ಯಾಕೆ ನಗ್ತಿದ್ದೀರಿ ಹಾಗೆ?

ಇಲ್ಲ... ಇಲ್ಲ ಇಲ್ಲ, ಹಾಗಲ್ಲ. ಅಮ್ಮನ ಮೇಲಾಣೆ ಅಪ್ಪಾ, ಇದೊಂದನ್ನ ನಾನು ಬದಲಾಯಿಸಿಲ್ಲ.